ಕಟ್ಟಡಗಳ ನಡುಕವನ್ನು ಅಳೆಯುವುದು ಹೇಗೆ?

ಒಂದು ಅಗಲವಾದ ಬಟ್ಟಲಿನಲ್ಲಿ ನೀರು ತುಂಬಿ ನಿಮ್ಮ ತರಗತಿಯ ಮೇಜಿನ ಮೇಲೆ ಇಡಿ. ಎಲ್ಲರೂ ಒಂದೆರಡು ನಿಮಿಷ ಅಲ್ಲಾಡದೆ ಕುಳಿತುಕೊಳ್ಳಿ. ನೀರು ಕನ್ನಡಿಯಂತೆ ನಿಶ್ಚಲವಾಗುತ್ತದೆ. ಆಗ ಶಾಲೆಯ ಮುಂದಿನ ರಸ್ತೆಯಲ್ಲಿ ತುಂಬಿದ ಲಾರಿಯೊಂದು ಹಾದುಹೋಯಿತು ಎನ್ನಿ. ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುವುದನ್ನು ನೀವು ಕಾಣಬಹುದು. ಲಾರಿ ನಿಮ್ಮ ಮೇಜನ್ನು ಮುಟ್ಟಲಿಲ್ಲ. ಹಾಗಾದರೆ ನೀರನ್ನು ಅಲುಗಿಸಿದವರು ಯಾರು?

ಲಾರಿಯ ಚಕ್ರಗಳು ರಸ್ತೆಯನ್ನು ನಡುಗಿಸಿದವು. ರಸ್ತೆಯ ನಡುಕ ಮಣ್ಣಿಗೆ ಹರಡಿತು. ಮಣ್ಣಿನಿಂದ ಅದು ಕಟ್ಟಡದ ಪಾಯಕ್ಕೆ, ಪಾಯದಿಂದ ಗೋಡೆ ಮತ್ತು ನೆಲಕ್ಕೆ, ನೆಲದಿಂದ ಮೇಜಿಗೆ, ಮೇಜಿನಿಂದ ಬಟ್ಟಲಿಗೆ ಬಂತು. ಹೀಗೆ ವಸ್ತುವೊಂದು ತನ್ನ ಸ್ಥಾನದ ಸುತ್ತ ಹಿಂದಕ್ಕೂ ಮುಂದಕ್ಕೂ ಮತ್ತೆ ಮತ್ತೆ ಅಲುಗುವುದಕ್ಕೆ ವಿಜ್ಞಾನದಲ್ಲಿ ‘ಕಂಪನ’ ಎಂದು ಹೆಸರು.

ಕಲ್ಲು, ಇಟ್ಟಿಗೆಗಳ ಕಟ್ಟಡ ಅಲುಗಾಡದೆ ನಿಂತಿದೆ ಎಂದು ನಾವು ತಿಳಿಯುತ್ತೇವೆ. ಆದರೆ ಪ್ರತಿಯೊಂದು ಕಟ್ಟಡವೂ ಹಗಲಿರುಳು ಕಂಪಿಸುತ್ತಲೇ ಇರುತ್ತದೆ. ವಾಹನಗಳು, ಗಾಳಿ, ನೀರೆತ್ತುವ ಪಂಪು, ನಮ್ಮ ನಡಿಗೆ ಎಲ್ಲವೂ ಅದನ್ನು ಅಲುಗಿಸುತ್ತವೆ. ಈ ಕಂಪನ ತೀರ ಸಣ್ಣದಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಸೂಕ್ಷ್ಮ ಉಪಕರಣಗಳು ಬೇಕು.

ಮೈಸೂರಿಗೆ ಇದು ಏಕೆ ಮುಖ್ಯ?

ಮೈಸೂರು ಹಳೆಯ ಕಟ್ಟಡಗಳ ನಗರ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಸಿಕ್ಕಿದ ಮೇಲೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ ಈಗಿನ ಅರಮನೆಯನ್ನು ಕಟ್ಟಲಾಯಿತು. ಅದು 1912ರಲ್ಲಿ ಪೂರ್ಣಗೊಂಡಿತು. ನಗರದ ಹಲವು ಶಾಲೆ, ಕಾಲೇಜು, ಕಚೇರಿ, ಮಾರುಕಟ್ಟೆಗಳೂ ನೂರು ವರ್ಷ ದಾಟಿದವು. ಇವುಗಳಲ್ಲಿ ಬಹಳಷ್ಟನ್ನು ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಿ, ಮರದ ತೊಲೆಗಳ ಮೇಲೆ ತಾರಸಿ ಹಾಕಿದ್ದಾರೆ. ಇಂದಿನ ಕಾಂಕ್ರೀಟು ಕಟ್ಟಡಗಳಲ್ಲಿರುವ ಉಕ್ಕಿನ ಸರಳುಗಳು ಇವುಗಳ ಗೋಡೆಗಳಲ್ಲಿ ಇಲ್ಲ.

ಇಂತಹ ಕಟ್ಟಡಗಳು ಕುಸಿದ ಘಟನೆಗಳನ್ನು ನಗರ ಕಂಡಿದೆ. 1892ರಷ್ಟು ಹಳೆಯದಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. 2022ರ ಅಕ್ಟೋಬರ್‌ನಲ್ಲಿ ಭಾರಿ ಮಳೆಯ ನಡುವೆ ಅರಮನೆಯ ಕೋಟೆ ಗೋಡೆಯ ಒಂದು ಭಾಗ ಕುಸಿಯಿತು.

ಪ್ರತಿ ಬಾರಿಯೂ ಜನ ಕೇಳುವ ಪ್ರಶ್ನೆಗಳು ಒಂದೇ. ಇದಕ್ಕೆ ಮಳೆ ಕಾರಣವೇ? ವಾಹನಗಳ ಓಡಾಟ ಕಾರಣವೇ? ಉಳಿದ ಭಾಗ ಗಟ್ಟಿಯಾಗಿದೆಯೇ? ರಿಪೇರಿ ಸಾಕೇ, ಕೆಡವಿ ಕಟ್ಟಬೇಕೇ? ಇವಕ್ಕೆ ಬರೀ ಕಣ್ಣಿನಿಂದ ನೋಡಿ ಉತ್ತರ ಹೇಳುವುದು ಕಷ್ಟ. ಜ್ವರ ಬಂದಾಗ ವೈದ್ಯರು ಥರ್ಮಾಮೀಟರ್ ಇಟ್ಟು ನೋಡುವಂತೆ ಕಟ್ಟಡವನ್ನೂ ಅಳೆದು ನೋಡಬೇಕಾಗುತ್ತದೆ. ಅಂತಹ ಅಳತೆಗಳಲ್ಲಿ ಕಂಪನದ ಅಳತೆಯೂ ಒಂದು.

ಅಳೆಯಬೇಕಾದದ್ದು ಏನನ್ನು?

ಉಯ್ಯಾಲೆಯನ್ನು ನೆನಪಿಸಿಕೊಳ್ಳಿ. ಉಯ್ಯಾಲೆಯ ಬಗ್ಗೆ ಎರಡು ಪ್ರಶ್ನೆ ಕೇಳಬಹುದು. ಅದು ನಡುವಿನಿಂದ ಎಷ್ಟು ದೂರ ಹೋಗುತ್ತದೆ? ಒಂದು ನಿಮಿಷಕ್ಕೆ ಎಷ್ಟು ಬಾರಿ ಹೋಗಿ ಬರುತ್ತದೆ? ಮೊದಲನೆಯ ಪ್ರಶ್ನೆಯ ಉತ್ತರ ಕಂಪನದ ‘ಪಾರ’. ಎರಡನೆಯದು ‘ಆವೃತ್ತಿ’ಗೆ ಸಂಬಂಧಿಸಿದ್ದು. ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆಯೇ ಆವೃತ್ತಿ. ಇದರ ಮಾನ ಹರ್ಟ್ಸ್. ಸೆಕೆಂಡಿಗೆ 10 ಬಾರಿ ಹೋಗಿ ಬಂದರೆ ಆವೃತ್ತಿ 10 ಹರ್ಟ್ಸ್.

ನಮ್ಮ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಶಬ್ದವಾಗಿ ಕೇಳುತ್ತದೆ. ಕಟ್ಟಡಗಳ ಮುಖ್ಯ ಕಂಪನಗಳು ಹೆಚ್ಚಾಗಿ 20 ಹರ್ಟ್ಸ್‌ಗಿಂತ ಕೆಳಗಿರುತ್ತವೆ. ಆದ್ದರಿಂದ ಅವು ಕಣ್ಣಿಗೆ ಕಾಣದಿರುವುದು ಮಾತ್ರವಲ್ಲ, ಕಿವಿಗೂ ಕೇಳುವುದಿಲ್ಲ.

ಎಂಜಿನಿಯರುಗಳು ಇನ್ನೊಂದು ಅಳತೆಯನ್ನೂ ಬಳಸುತ್ತಾರೆ. ಕಂಪಿಸುವಾಗ ನೆಲದ ಅಥವಾ ಗೋಡೆಯ ಒಂದು ಬಿಂದು ಎಷ್ಟು ವೇಗವಾಗಿ ಅಲುಗುತ್ತದೆ ಎಂಬುದೇ ಅದು. ಇದನ್ನು ‘ಸೆಕೆಂಡಿಗೆ ಇಷ್ಟು ಮಿಲಿಮೀಟರ್’ ಎಂದು ಹೇಳುತ್ತಾರೆ. ಅಲುಗುವಾಗ ಮುಟ್ಟಿದ ಅತಿ ಹೆಚ್ಚಿನ ವೇಗಕ್ಕೆ ಗರಿಷ್ಠ ಕಂಪನ ವೇಗ ಎನ್ನೋಣ.

ಒಂದು ಲೆಕ್ಕ ಮಾಡೋಣ. ನೆಲ 10 ಹರ್ಟ್ಸ್ ಆವೃತ್ತಿಯಲ್ಲಿ ಕಂಪಿಸುತ್ತಿದೆ. ಅದರ ಗರಿಷ್ಠ ವೇಗ ಸೆಕೆಂಡಿಗೆ 1 ಮಿ.ಮೀ. ಹಾಗಾದರೆ ಅದು ತನ್ನ ಸ್ಥಾನದಿಂದ ಎಷ್ಟು ದೂರ ಸರಿಯುತ್ತದೆ? ವೇಗವನ್ನು ಆವೃತ್ತಿಯ 6.28 ಪಟ್ಟಿನಿಂದ ಭಾಗಿಸಬೇಕು. 1 ಭಾಗಿಸು 62.8 ಎಂದರೆ ಸುಮಾರು 0.016 ಮಿ.ಮೀ. ನಿಮ್ಮ ತಲೆಗೂದಲಿನ ದಪ್ಪ ಸುಮಾರು 0.07 ಮಿ.ಮೀ. ಅಂದರೆ ನೆಲ ಸರಿಯುವ ದೂರ ಕೂದಲೆಳೆಯ ಕಾಲು ಭಾಗಕ್ಕಿಂತಲೂ ಕಡಿಮೆ! ಆದರೂ ಇಷ್ಟು ಕಂಪನವಾದರೆ ಕುಳಿತವರಿಗೆ ಅದು ಚೆನ್ನಾಗಿಯೇ ತಿಳಿಯುತ್ತದೆ. ಏಕೆಂದರೆ ನಮ್ಮ ಶರೀರ ಸೆಕೆಂಡಿಗೆ ಸುಮಾರು 0.3 ಮಿ.ಮೀ. ವೇಗದ ಕಂಪನವನ್ನೂ ಗುರುತಿಸಬಲ್ಲದು.

ಉಪಕರಣದ ಒಳಗೆ ಏನಿದೆ?

ಇಲ್ಲೊಂದು ತೊಡಕಿದೆ. ಗೋಡೆ ಎಷ್ಟು ಅಲುಗಿತು ಎಂದು ತಿಳಿಯಲು ಅಲುಗದ ಒಂದು ವಸ್ತುವಿಗೆ ಹೋಲಿಸಬೇಕು. ಆದರೆ ನೆಲವೇ ಅಲುಗುತ್ತಿರುವಾಗ ಅಲುಗದ ವಸ್ತುವನ್ನು ಎಲ್ಲಿಂದ ತರುವುದು?

ಇದಕ್ಕೆ ಪರಿಹಾರ ‘ಜಡತ್ವ’. ನೀವು ನಿಂತಿರುವ ಬಸ್ಸು ತಟ್ಟನೆ ಮುಂದೆ ಚಲಿಸಿದರೆ ನೀವು ಹಿಂದಕ್ಕೆ ವಾಲುತ್ತೀರಿ. ನಿಮ್ಮ ಪಾದಗಳು ಬಸ್ಸಿನೊಡನೆ ಹೊರಡುತ್ತವೆ, ಶರೀರ ಇದ್ದಲ್ಲೇ ಇರಲು ನೋಡುತ್ತದೆ. ಭಾರವಾದ ಎಲ್ಲ ವಸ್ತುಗಳ ಗುಣವೂ ಇದೇ. ಮೆತ್ತನೆಯ ಸ್ಪ್ರಿಂಗಿನಿಂದ ಒಂದು ಭಾರವನ್ನು ನೇತುಹಾಕಿ, ಸ್ಪ್ರಿಂಗನ್ನು ಹಿಡಿದ ಕೈಯನ್ನು ಬೇಗಬೇಗನೆ ಮೇಲೆ ಕೆಳಗೆ ಅಲುಗಿಸಿ. ಕೈ ಅಲುಗಿದಷ್ಟು ಭಾರ ಅಲುಗುವುದಿಲ್ಲ. ನಮಗೆ ಬೇಕಾದ ‘ಅಲುಗದ ವಸ್ತು’ ಇದೇ.

ಜಿಯೋಫೋನ್ ಎಂಬ ಉಪಕರಣ ಹೀಗೆ ಕೆಲಸ ಮಾಡುತ್ತದೆ. ಅದು ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಕವಚಕ್ಕೆ ಒಂದು ಅಯಸ್ಕಾಂತವನ್ನು ಭದ್ರಪಡಿಸಿರುತ್ತಾರೆ. ಅಯಸ್ಕಾಂತದ ಸುತ್ತ ತಾಮ್ರದ ತಂತಿಯ ಸುರುಳಿಯೊಂದು ಸ್ಪ್ರಿಂಗುಗಳಿಂದ ತೂಗುತ್ತಿರುತ್ತದೆ. ನೆಲ ಕಂಪಿಸಿದಾಗ ಕವಚವೂ ಅಯಸ್ಕಾಂತವೂ ಅದರೊಡನೆ ಕಂಪಿಸುತ್ತವೆ. ಸುರುಳಿ ಮಾತ್ರ ಜಡತ್ವದಿಂದಾಗಿ ಇದ್ದಲ್ಲೇ ಉಳಿಯಲು ನೋಡುತ್ತದೆ. ಸುರುಳಿಯ ಬಳಿ ಅಯಸ್ಕಾಂತ ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ. ಸೈಕಲ್ಲಿನ ಡೈನಮೋ ದೀಪ ಬೆಳಗುವುದೂ ಇದೇ ತತ್ವದಿಂದ. ಅಲುಗಾಟದ ವೇಗ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಈ ವಿದ್ಯುತ್ತನ್ನು ಅಳೆದರೆ ನೆಲದ ಕಂಪನ ವೇಗ ಗೊತ್ತಾಗುತ್ತದೆ.

ವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು, ಅಂದರೆ ವೇಗೋತ್ಕರ್ಷವನ್ನು, ಅಳೆಯುವ ಉಪಕರಣಗಳೂ ಇವೆ. ಅವುಗಳಿಗೆ ಅಕ್ಸೆಲೆರೋಮೀಟರ್ ಎಂದು ಹೆಸರು. ಮೊಬೈಲ್ ಫೋನನ್ನು ಅಡ್ಡ ಹಿಡಿದಾಗ ಪರದೆಯ ಚಿತ್ರವೂ ಅಡ್ಡವಾಗುತ್ತದೆ, ಅಲ್ಲವೇ? ಫೋನಿನೊಳಗಿರುವ ಅಕ್ಸೆಲೆರೋಮೀಟರಿನ ಕೆಲಸ ಅದು. ಕಟ್ಟಡಗಳಿಗೆ ಬಳಸುವ ಉಪಕರಣಗಳು ಇದಕ್ಕಿಂತ ಬಹಳ ಸೂಕ್ಷ್ಮ.

ನಮ್ಮ ರಾಜ್ಯದ ಗೌರಿಬಿದನೂರಿನ ಬಳಿ 1960ರ ದಶಕದಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರವು ಇಂತಹ ಕಂಪನಗ್ರಾಹಕಗಳ ಸಾಲನ್ನೇ ಸ್ಥಾಪಿಸಿತು. ಸಾವಿರಾರು ಕಿಲೋಮೀಟರ್ ದೂರದ ಭೂಕಂಪಗಳನ್ನೂ ಭೂಮಿಯೊಳಗೆ ನಡೆಸುವ ಪರಮಾಣು ಸ್ಫೋಟಗಳನ್ನೂ ಪತ್ತೆಹಚ್ಚುವುದು ಅದರ ಉದ್ದೇಶ. ಸೂಕ್ಷ್ಮತೆ ಎಂದರೆ ಎಷ್ಟೆಂದು ಇದರಿಂದ ಊಹಿಸಿಕೊಳ್ಳಬಹುದು.

ಉಪಕರಣವನ್ನು ಎಲ್ಲಿ ಇಡಬೇಕು?

ಒಳ್ಳೆಯ ಉಪಕರಣವಿದ್ದರೆ ಸಾಲದು, ಅದನ್ನು ಇಡುವ ಕ್ರಮವೂ ಸರಿಯಿರಬೇಕು. ಸಡಿಲವಾದ ಹಲಗೆಯ ಮೇಲೆ ಇಟ್ಟರೆ ಹಲಗೆಯ ಕಂಪನ ಸಿಗುತ್ತದೆ, ಕಟ್ಟಡದ್ದಲ್ಲ. ಆದ್ದರಿಂದ ಅದನ್ನು ಗೋಡೆಗೆ ಅಥವಾ ನೆಲಕ್ಕೆ ಭದ್ರವಾಗಿ ಕೂರಿಸುತ್ತಾರೆ.

ಒಂದು ಉಪಕರಣ ಪಾಯದ ಬಳಿ ಇರಬೇಕು. ನೆಲದಿಂದ ಕಟ್ಟಡಕ್ಕೆ ಎಷ್ಟು ಕಂಪನ ಬರುತ್ತಿದೆ ಎಂದು ಅದು ಹೇಳುತ್ತದೆ. ಇನ್ನೊಂದು ಮೇಲಿನ ಮಹಡಿಯಲ್ಲಿ ಇರಬೇಕು. ಬಂದ ಕಂಪನ ಕಟ್ಟಡದಲ್ಲಿ ಎಷ್ಟು ಹಿಗ್ಗಿತು ಎಂದು ಅದರಿಂದ ತಿಳಿಯುತ್ತದೆ. ಗಾಳಿಗೆ ಮರದ ಬುಡಕ್ಕಿಂತ ತುದಿ ಹೆಚ್ಚು ಓಲಾಡುವಂತೆ ಕಟ್ಟಡದಲ್ಲೂ ಸಾಮಾನ್ಯವಾಗಿ ಮೇಲಿನ ಭಾಗವೇ ಹೆಚ್ಚು ಅಲುಗುತ್ತದೆ. ಪ್ರತಿ ಜಾಗದಲ್ಲೂ ಮೂರು ದಿಕ್ಕಿನ ಕಂಪನವನ್ನು ಅಳೆಯಬೇಕು: ಪೂರ್ವ–ಪಶ್ಚಿಮ, ಉತ್ತರ–ದಕ್ಷಿಣ ಮತ್ತು ಮೇಲೆ–ಕೆಳಗೆ.

ಒಂದು ಗಂಟೆ ಅಳೆದು ಬಂದರೂ ಸಾಲದು. ಹಗಲು ಮತ್ತು ರಾತ್ರಿ, ಸಂತೆಯ ದಿನ ಮತ್ತು ರಜೆಯ ದಿನ, ಬೇಸಿಗೆ ಮತ್ತು ಮಳೆಗಾಲ ಹೀಗೆ ಬೇರೆ ಬೇರೆ ಕಾಲಗಳಲ್ಲಿ ಅಳೆಯಬೇಕು. ಜೊತೆಗೆ ಒಂದು ಪುಸ್ತಕದಲ್ಲಿ ಸಮಯ ಬರೆದಿಡಬೇಕು. ‘ಬೆಳಿಗ್ಗೆ 10.20: ಎರಡು ಲಾರಿ ಹೋದವು. 10.35: ಪಂಪು ಚಾಲೂ ಆಯಿತು.’ ಈ ಟಿಪ್ಪಣಿ ಇಲ್ಲದಿದ್ದರೆ ಯಾವ ಗೆರೆ ಯಾವುದರಿಂದ ಬಂತೆಂದು ಆಮೇಲೆ ಹೇಳಲಾಗುವುದಿಲ್ಲ.

ಗೆರೆಗಳನ್ನು ಓದುವ ವಿದ್ಯೆ

ಉಪಕರಣದಿಂದ ನಮಗೆ ದೊರೆಯುವುದು ಏರಿಳಿಯುವ ಅಂಕುಡೊಂಕಿನ ಗೆರೆ. ನೋಡಿದರೆ ಗೊಂದಲವೇ ಕಾಣುತ್ತದೆ. ಅದರಲ್ಲಿ ಲಾರಿಯ ಕಂಪನ, ಗಾಳಿಯ ಕಂಪನ, ಪಂಪಿನ ಕಂಪನ ಎಲ್ಲವೂ ಬೆರೆತಿರುತ್ತವೆ. ಇವನ್ನು ಬೇರ್ಪಡಿಸುವುದೇ ವಿಶ್ಲೇಷಣೆ.

ಸಂಗೀತ ಕಛೇರಿಯಲ್ಲಿ ವೀಣೆ, ಮೃದಂಗ, ಪಿಟೀಲು ಒಟ್ಟಿಗೆ ನುಡಿಯುತ್ತವೆ. ನಿಮ್ಮ ಕಿವಿ ಅವನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಗಣಿತದಿಂದಲೂ ಹೀಗೆ ಮಾಡಬಹುದು. ಎಷ್ಟೇ ಜಟಿಲವಾದ ಕಂಪನವನ್ನೂ ಬೇರೆ ಬೇರೆ ಆವೃತ್ತಿಗಳ ಸರಳ ಕಂಪನಗಳ ಮೊತ್ತವಾಗಿ ಬರೆಯಬಹುದು ಎಂಬ ವಿಚಾರವನ್ನು ಬೆಳೆಸಿದವನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ (1768–1830). ಈಗ ಕಂಪ್ಯೂಟರುಗಳು ಈ ಲೆಕ್ಕವನ್ನು ಕ್ಷಣದಲ್ಲಿ ಮಾಡಿ, ಯಾವ ಆವೃತ್ತಿಯ ಕಂಪನ ಎಷ್ಟಿದೆ ಎಂದು ನಕ್ಷೆ ಬರೆದು ತೋರಿಸುತ್ತವೆ. ಮಿನಿಟಿಗೆ 1,500 ಸುತ್ತು ತಿರುಗುವ ಪಂಪು ಹತ್ತಿರದಲ್ಲಿದ್ದರೆ ನಕ್ಷೆಯಲ್ಲಿ 25 ಹರ್ಟ್ಸ್ ಬಳಿ ಒಂದು ಶಿಖರ ಏಳುತ್ತದೆ. 1,500ನ್ನು 60ರಿಂದ ಭಾಗಿಸಿ ನೋಡಿ, ಕಾರಣ ತಿಳಿಯುತ್ತದೆ.

ನಕ್ಷೆಯಲ್ಲಿ ಸದಾ ಒಂದೇ ಜಾಗದಲ್ಲಿ ಕಾಣುವ ಶಿಖರವೂ ಇರುತ್ತದೆ. ಲಾರಿ ಬರಲಿ, ಬಾರದಿರಲಿ ಅದು ಅಲ್ಲೇ ಇರುತ್ತದೆ. ಅದು ಕಟ್ಟಡದ್ದೇ ಆದ ಆವೃತ್ತಿ. ಇದಕ್ಕೆ ‘ಸ್ವಾಭಾವಿಕ ಆವೃತ್ತಿ’ ಎನ್ನುತ್ತಾರೆ. ವೀಣೆಯ ಪ್ರತಿ ತಂತಿಗೂ ತನ್ನದೇ ಸ್ವರವಿದೆ. ಹಾಗೆಯೇ ಪ್ರತಿ ಕಟ್ಟಡಕ್ಕೂ ತನ್ನದೇ ಸ್ವಾಭಾವಿಕ ಆವೃತ್ತಿ ಇದೆ. ಸ್ಥೂಲವಾಗಿ ಹೇಳುವುದಾದರೆ ಹತ್ತು ಅಂತಸ್ತಿನ ಕಟ್ಟಡ ಒಮ್ಮೆ ಓಲಾಡಿ ಬರಲು ಸುಮಾರು ಒಂದು ಸೆಕೆಂಡು ಬೇಕು. ಒಂದೇ ಅಂತಸ್ತಿನ ಕಟ್ಟಡಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು.

ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳುತ್ತಾ ಹೋದರೆ ಸಣ್ಣ ತಳ್ಳುವಿಕೆಯಿಂದಲೂ ಅದು ಬಹಳ ಎತ್ತರಕ್ಕೆ ಹೋಗುತ್ತದೆ. ಹೊರಗಿನ ಕಂಪನದ ಆವೃತ್ತಿಯು ಕಟ್ಟಡದ ಸ್ವಾಭಾವಿಕ ಆವೃತ್ತಿಗೆ ಹೊಂದಿದರೆ ಇಲ್ಲೂ ಹಾಗೆಯೇ ಆಗುತ್ತದೆ. ಇದೇ ‘ಅನುರಣನೆ’. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ದೇಶದ ಕರಾವಳಿಯ ಬಳಿ ಭೂಕಂಪವಾಯಿತು. ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಮೆಕ್ಸಿಕೋ ನಗರದಲ್ಲಿ ಸಾವಿರಾರು ಜನ ಸತ್ತರು. ಆ ನಗರದ ಬಹುಭಾಗ ಹಳೆಯ ಕೆರೆಯ ಮೆತ್ತನೆಯ ಹೂಳಿನ ಮೇಲೆ ನಿಂತಿದೆ. ಆ ನೆಲ ಸುಮಾರು ಎರಡು ಸೆಕೆಂಡಿಗೊಮ್ಮೆ ಓಲಾಡಿತು. ಅದರ ಲಯಕ್ಕೆ ಸಿಕ್ಕಿದ ಆರರಿಂದ ಹದಿನೈದು ಅಂತಸ್ತಿನ ಕಟ್ಟಡಗಳು ಹೆಚ್ಚು ಹಾನಿಗೊಳಗಾದವು. ಎಷ್ಟೋ ಚಿಕ್ಕ ಮನೆಗಳು ಉಳಿದುಕೊಂಡವು. ಆದ್ದರಿಂದ ಕಂಪನ ಎಷ್ಟು ಎಂದು ತಿಳಿದರೆ ಸಾಲದು, ಅದರ ಆವೃತ್ತಿ ಎಷ್ಟು ಮತ್ತು ಕೆಳಗಿನ ನೆಲ ಎಂತಹದು ಎಂಬುದೂ ತಿಳಿಯಬೇಕು.

ಎಷ್ಟಾದರೆ ಅಪಾಯ?

ನಮ್ಮ ದೇಶದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿ ಗಣಿಗಳ ಸ್ಫೋಟದಿಂದ ಬರುವ ಕಂಪನಕ್ಕೆ ಮಿತಿಗಳನ್ನು ಹಾಕಿತು. ಸುತ್ತಲಿನ ಊರಿನ ಮನೆಗಳಿಗೂ ಐತಿಹಾಸಿಕ ಹಾಗೂ ಸೂಕ್ಷ್ಮ ಕಟ್ಟಡಗಳಿಗೂ ಬೇರೆ ಬೇರೆ ಮಿತಿಗಳಿವೆ. ಅವು ಸೆಕೆಂಡಿಗೆ ಮಿಲಿಮೀಟರ್ ಲೆಕ್ಕದಲ್ಲಿ ಹೀಗಿವೆ:

8 ಹರ್ಟ್ಸ್‌ಗಿಂತ ಕಡಿಮೆ ಆವೃತ್ತಿ: ಮನೆಗಳಿಗೆ 5, ಐತಿಹಾಸಿಕ ಕಟ್ಟಡಗಳಿಗೆ 2.
8ರಿಂದ 25 ಹರ್ಟ್ಸ್: ಮನೆಗಳಿಗೆ 10, ಐತಿಹಾಸಿಕ ಕಟ್ಟಡಗಳಿಗೆ 5.
25 ಹರ್ಟ್ಸ್‌ಗಿಂತ ಹೆಚ್ಚು: ಮನೆಗಳಿಗೆ 15, ಐತಿಹಾಸಿಕ ಕಟ್ಟಡಗಳಿಗೆ 10.

ಈ ಅಂಕಿಗಳನ್ನು ಗಮನವಿಟ್ಟು ನೋಡಿ. ಆವೃತ್ತಿ ಕಡಿಮೆಯಾದಷ್ಟೂ ಮಿತಿ ಬಿಗಿಯಾಗಿದೆ. ಕಟ್ಟಡಗಳ ಸ್ವಾಭಾವಿಕ ಆವೃತ್ತಿ ಕಡಿಮೆ ಇರುವುದೇ ಇದಕ್ಕೆ ಮುಖ್ಯ ಕಾರಣ. ಹಳೆಯ ಕಟ್ಟಡಗಳ ಮಿತಿ ಇನ್ನೂ ಬಿಗಿ.

ಇನ್ನೊಂದು ಸಂಗತಿಯೂ ಇದರಲ್ಲಿದೆ. ನಮ್ಮ ಶರೀರ 0.3 ಮಿ.ಮೀ. ಕಂಪನವನ್ನು ಗುರುತಿಸುತ್ತದೆ ಎಂದು ಹೇಳಿದೆವು. ಅಂದರೆ ಗೋಡೆಗೆ ಹಾನಿಯಾಗುವ ಮಟ್ಟಕ್ಕೆ ಬಹಳ ಮೊದಲೇ ನಮಗೆ ಹೆದರಿಕೆಯಾಗುತ್ತದೆ. ಹೆದರಿಕೆಯಾಯಿತೆಂದ ಮಾತ್ರಕ್ಕೆ ಕಟ್ಟಡಕ್ಕೆ ಹಾನಿಯಾಗಿದೆ ಎನ್ನಲಾಗದು.

ಕಿಟಕಿಗಳು ಗಡಗಡ ಎಂದರೂ ನೆಲ ನಡುಗಿದೆ ಎನ್ನಲಾಗದು. ದಸರಾ ಜಂಬೂ ಸವಾರಿಯ ದಿನ ರಾಷ್ಟ್ರಗೀತೆಯೊಡನೆ 21 ಕುಶಾಲು ತೋಪುಗಳನ್ನು ಹಾರಿಸುತ್ತಾರೆ. ಆನೆ, ಕುದುರೆಗಳು ಬೆದರದಿರಲೆಂದು ಮೊದಲೇ ತಾಲೀಮು ನಡೆಸುತ್ತಾರೆ. ತೋಪಿನ ಶಬ್ದಕ್ಕೆ ಹತ್ತಿರದ ಕಿಟಕಿ ಗಾಜುಗಳು ಅದುರಿದರೆ, ಅವನ್ನು ಅದುರಿಸಿದ್ದು ಮುಖ್ಯವಾಗಿ ಗಾಳಿಯಲ್ಲಿ ಬಂದ ಶಬ್ದದ ಅಲೆ. ನೆಲದ ಕಂಪನ ಬೇರೆ, ಗಾಳಿಯ ಅಲೆ ಬೇರೆ. ಎರಡನ್ನೂ ಬೇರ್ಪಡಿಸಲು ಜಿಯೋಫೋನಿನ ಜೊತೆಗೆ ಒಂದು ಮೈಕ್ರೋಫೋನನ್ನೂ ಇಡುತ್ತಾರೆ.

ಕನ್ನಂಬಾಡಿಯಲ್ಲಿ ಕೇಳಿದ ಶಬ್ದ

ಮೈಸೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ ಕೃಷ್ಣರಾಜಸಾಗರ ಅಣೆಕಟ್ಟು ಇದೆ. 1911ರಲ್ಲಿ ಕಟ್ಟಲು ಆರಂಭಿಸಿದ ಈ ಅಣೆಕಟ್ಟಿನಲ್ಲಿ ಕಲ್ಲುಗಳನ್ನು ಬೆಸೆದಿರುವುದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. 2018ರ ಸೆಪ್ಟೆಂಬರ್‌ನಲ್ಲಿ ಇದರ ಸುತ್ತಮುತ್ತ ದೊಡ್ಡ ಶಬ್ದ ಕೇಳಿ ಜನ ಗಾಬರಿಗೊಂಡರು. ಭೂಕಂಪವೇ? ಗಣಿಯ ಸ್ಫೋಟವೇ? ಕಿವಿಯಿಂದ ಇದನ್ನು ಹೇಳಲಾಗುವುದಿಲ್ಲ. ಆದರೆ ಅಲ್ಲಿ ಕಂಪನಮಾಪಕ ಇತ್ತು.

ಭೂಕಂಪವಾದಾಗ ಎರಡು ಬಗೆಯ ಅಲೆಗಳು ಭೂಮಿಯೊಳಗೆ ಹೊರಡುತ್ತವೆ. ತಳ್ಳುವ ಅಲೆ ಮೊದಲು ಬರುತ್ತದೆ. ಅಡ್ಡಡ್ಡ ಅಲುಗಿಸುವ ಅಲೆ ಸ್ವಲ್ಪ ತಡವಾಗಿ, ಆದರೆ ಜೋರಾಗಿ ಬರುತ್ತದೆ. ಸ್ಫೋಟದಲ್ಲಿ ಬಂಡೆ ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳಲ್ಪಡುತ್ತದೆ. ಆದ್ದರಿಂದ ತಳ್ಳುವ ಅಲೆಯೇ ಎದ್ದು ಕಾಣುತ್ತದೆ, ಅಡ್ಡ ಅಲೆ ದುರ್ಬಲವಾಗಿರುತ್ತದೆ. ಹೀಗೆ ಗೆರೆಯ ರೂಪ ನೋಡಿ ಕಾರಣವನ್ನು ಊಹಿಸಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ದಾಖಲೆಯನ್ನು ಪರಿಶೀಲಿಸಿ, ಇದು ಗಣಿ ಸ್ಫೋಟದಿಂದ ಆದದ್ದಿರಬಹುದು ಎಂದಿತು. ಅಣೆಕಟ್ಟಿನ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸಬೇಕೆಂದು ಸಲಹೆ ಮಾಡಿತು.

2022ರಲ್ಲಿ ಹತ್ತಿರದ ಬೇಬಿ ಬೆಟ್ಟದಲ್ಲಿ ಪರೀಕ್ಷಾ ಸ್ಫೋಟ ನಡೆಸುವ ಯೋಜನೆಯಾಯಿತು. ಪರೀಕ್ಷಾ ಸ್ಫೋಟ ಎಂದರೆ ತೂಕ ಗೊತ್ತಿರುವ ಸ್ಫೋಟಕವನ್ನು ಸಿಡಿಸಿ, ಬೇರೆ ಬೇರೆ ದೂರಗಳಲ್ಲಿ ಕಂಪನ ಅಳೆಯುವುದು. ದೂರ ಹೆಚ್ಚಿದಂತೆ ಕಂಪನ ಎಷ್ಟು ತಗ್ಗುತ್ತದೆ ಎಂದು ಇದರಿಂದ ಲೆಕ್ಕ ಹಾಕಬಹುದು. ಆದರೆ ಪರೀಕ್ಷೆಯೇ ಅಣೆಕಟ್ಟಿಗೆ ಅಪಾಯ ತಂದೀತು ಎಂದು ರೈತರು ವಿರೋಧಿಸಿದರು. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಅಣೆಕಟ್ಟಿನ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿ ಆದೇಶ ನೀಡಿತು. ಲಕ್ಷಾಂತರ ಜನರ ಕುಡಿಯುವ ನೀರು ಮತ್ತು ಹೊಲಗದ್ದೆಗಳು ನಂಬಿರುವ ಕಟ್ಟಡದ ವಿಷಯದಲ್ಲಿ ಇಷ್ಟು ಎಚ್ಚರಿಕೆ ಸಹಜ.

ಇಲ್ಲೊಂದು ಸಣ್ಣ ಲೆಕ್ಕ. ಗಟ್ಟಿ ಬಂಡೆಯಲ್ಲಿ ತಳ್ಳುವ ಅಲೆ ಸೆಕೆಂಡಿಗೆ ಸುಮಾರು 5 ಕಿ.ಮೀ. ಸಾಗುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 20 ಕಿ.ಮೀ. ದೂರದಲ್ಲಿ ಸ್ಫೋಟವಾದರೆ ನೆಲದ ಕಂಪನ ಎಷ್ಟು ಹೊತ್ತಿಗೆ ಬರುತ್ತದೆ? ಗಾಳಿಯ ಶಬ್ದ ಎಷ್ಟು ಹೊತ್ತಿಗೆ? ಮೊದಲನೆಯದಕ್ಕೆ 4 ಸೆಕೆಂಡು, ಎರಡನೆಯದಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ. ಇವೆರಡರ ಅಂತರದಿಂದಲೂ ಸ್ಫೋಟದ ದೂರವನ್ನು ಲೆಕ್ಕ ಹಾಕಬಹುದು.

ಮಡಕೆಯನ್ನು ಬಡಿದು ನೋಡಿದಂತೆ

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಅದನ್ನು ಬೆರಳಿನಿಂದ ಬಡಿದು ನೋಡುತ್ತಾರೆ. ಗಟ್ಟಿ ಮಡಕೆ ಠಣ್ ಎನ್ನುತ್ತದೆ. ಬಿರುಕು ಬಿಟ್ಟ ಮಡಕೆಯ ದನಿ ಒಡಕಲು. ಬಿರುಕು ಕಣ್ಣಿಗೆ ಕಾಣದಿದ್ದರೂ ದನಿ ಹೇಳಿಬಿಡುತ್ತದೆ.

ಕಟ್ಟಡವನ್ನೂ ಹೀಗೆ ಪರೀಕ್ಷಿಸಬಹುದು. ಬಿರುಕು ಹೆಚ್ಚಿ ಕಟ್ಟಡದ ಬಿಗುವು ಕಡಿಮೆಯಾದರೆ ಅದರ ಸ್ವಾಭಾವಿಕ ಆವೃತ್ತಿಯೂ ಇಳಿಯುತ್ತದೆ. ಇದಕ್ಕಾಗಿ ಕಟ್ಟಡವನ್ನು ಬಡಿಯಬೇಕಾಗಿಲ್ಲ. ಗಾಳಿ ಮತ್ತು ವಾಹನಗಳು ಅದನ್ನು ಸದಾ ಬಡಿಯುತ್ತಲೇ ಇವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ಮಿಲಿಕನ್ ಗ್ರಂಥಾಲಯ ಎಂದು ಕರೆಯುತ್ತಿದ್ದ ಒಂಬತ್ತು ಅಂತಸ್ತಿನ ಕಟ್ಟಡವಿದೆ. 1960ರ ದಶಕದಿಂದ ವಿಜ್ಞಾನಿಗಳು ಅದರ ಕಂಪನವನ್ನು ಅಳೆಯುತ್ತ ಬಂದಿದ್ದಾರೆ. 1971ರ ಭೂಕಂಪದ ಅನಂತರ ಅದರ ಸ್ವಾಭಾವಿಕ ಆವೃತ್ತಿ ಇಳಿದದ್ದು ಕಂಡುಬಂತು. ಮಳೆ, ಗಾಳಿ, ಬಿಸಿಲುಗಳಿಂದಲೂ ಅದು ಸ್ವಲ್ಪ ಏರಿಳಿಯುತ್ತದೆ ಎಂಬುದೂ ಗೊತ್ತಾಯಿತು. ಆದ್ದರಿಂದ ಒಂದು ದಿನದ ಅಳತೆಯಿಂದ ತೀರ್ಮಾನಕ್ಕೆ ಬರಬಾರದು. ಕಟ್ಟಡ ಚೆನ್ನಾಗಿದ್ದಾಗಲೇ ಅಳೆದು ಬರೆದಿಟ್ಟಿದ್ದರೆ ಮುಂದೆ ಹೋಲಿಸಿ ನೋಡಲು ಆಧಾರವಿರುತ್ತದೆ.

ಗೋಡೆಯಲ್ಲಿ ಬಿರುಕು ಕಂಡೊಡನೆ ಲಾರಿಗಳನ್ನು ದೂರುವುದೂ ಸರಿಯಲ್ಲ. ತಾರಸಿಯಿಂದ ಸೋರಿದ ನೀರು ಸುಣ್ಣದ ಗಾರೆಯನ್ನು ಸಡಿಲಗೊಳಿಸುತ್ತದೆ. ಗೋಡೆಯಲ್ಲಿ ಹುಟ್ಟಿದ ಅರಳಿ, ಆಲದ ಸಸಿಗಳ ಬೇರು ಇಟ್ಟಿಗೆಗಳನ್ನು ಸೀಳುತ್ತದೆ. ಗೆದ್ದಲು ತೊಲೆಯನ್ನು ತಿನ್ನುತ್ತದೆ. ಪಾಯದ ಕೆಳಗಿನ ಮಣ್ಣು ಕುಗ್ಗಬಹುದು. ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗುವುದರಿಂದಲೂ ಸಣ್ಣ ಬಿರುಕುಗಳು ಆಗುತ್ತವೆ. ಹೀಗೆ ಮೊದಲೇ ದುರ್ಬಲವಾದ ಗೋಡೆಗೆ ಸಣ್ಣ ಕಂಪನವೂ ಕೊನೆಯ ಪೆಟ್ಟಾಗಬಹುದು. ಕಂಪನವನ್ನು ಅಳೆದಾಗ ಅದು ಮಿತಿಗಿಂತ ಬಹಳ ಕಡಿಮೆ ಎಂದು ಕಂಡರೆ, ಕಾರಣವನ್ನು ಬೇರೆ ಕಡೆ ಹುಡುಕಬೇಕೆಂದು ತಿಳಿಯುತ್ತದೆ. ಅದೂ ಅಳತೆಯಿಂದ ಆಗುವ ದೊಡ್ಡ ಉಪಕಾರವೇ.

ನೀವೇ ಮಾಡಿ ನೋಡಿ

1. ದಪ್ಪ ರಟ್ಟಿನಿಂದ 2 ಸೆಂ.ಮೀ. ಅಗಲದ ಮೂರು ಪಟ್ಟಿಗಳನ್ನು ಕತ್ತರಿಸಿ. ಉದ್ದ 10, 15 ಮತ್ತು 20 ಸೆಂ.ಮೀ. ಇರಲಿ. ಅವನ್ನು ಒಂದು ಮರದ ಹಲಗೆಯ ಮೇಲೆ ನೆಟ್ಟಗೆ ಅಂಟಿಸಿ. ಪ್ರತಿ ಪಟ್ಟಿಯ ತುದಿಗೂ ಒಂದೇ ಅಳತೆಯ ಜೇಡಿಮಣ್ಣಿನ ಉಂಡೆ ಹಚ್ಚಿ. ಹಲಗೆಯನ್ನು ಮೊದಲು ನಿಧಾನವಾಗಿ ಹಿಂದೆ ಮುಂದೆ ಅಲುಗಿಸಿ. ಕ್ರಮೇಣ ಬೇಗಬೇಗ ಅಲುಗಿಸಿ. ಯಾವ ಪಟ್ಟಿ ಮೊದಲು ಜೋರಾಗಿ ಓಲಾಡುತ್ತದೆ? ಯಾವುದು ಕೊನೆಗೆ? ಏಕೆಂದು ಯೋಚಿಸಿ.

2. ನೀರಿನ ಬಟ್ಟಲನ್ನು ಶಾಲೆಯ ಬೇರೆ ಬೇರೆ ಜಾಗಗಳಲ್ಲಿ ಇಟ್ಟು ನೋಡಿ. ರಸ್ತೆಗೆ ಹತ್ತಿರದ ಕೊಠಡಿ, ದೂರದ ಕೊಠಡಿ, ಮಹಡಿ ಇದ್ದರೆ ಮಹಡಿ. ಎಲ್ಲಿ ಉಂಗುರಗಳು ಹೆಚ್ಚು? ಸಮಯ ಮತ್ತು ಕಾರಣವನ್ನು ಬರೆದಿಡಿ.

3. ಶಾಲೆಯ ಗೋಡೆಯಲ್ಲಿ ಕೈಗೆಟುಕುವ ಸಣ್ಣ ಬಿರುಕು ಇದ್ದರೆ ಶಿಕ್ಷಕರ ಜೊತೆ ಹೋಗಿ, ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ದಿನಾಂಕ ಬರೆಯಿರಿ. ತಿಂಗಳಿಗೊಮ್ಮೆ ನೋಡಿ. ಬಿರುಕು ಗುರುತನ್ನು ದಾಟಿ ಬೆಳೆದರೆ ಮತ್ತೆ ಗುರುತು ಹಾಕಿ. ಎಂಜಿನಿಯರುಗಳು ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸುವ ಕ್ರಮವೂ ಇದೆ. ಬಿರುಕು ಅಗಲವಾದರೆ ಗಾಜು ಒಡೆಯುತ್ತದೆ. ನೀವು ಮಾತ್ರ ಗಾಜನ್ನು ಬಳಸಬೇಡಿ, ಪೆನ್ಸಿಲು ಸಾಕು.

ಗಾರೆಯ ಚಕ್ಕೆ ಉದುರುತ್ತಿದ್ದರೆ, ಗೋಡೆ ಉಬ್ಬಿದ್ದರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿ ಹಾಕಲು ಬರದಿದ್ದರೆ ಅಲ್ಲಿ ಪ್ರಯೋಗ ಮಾಡುತ್ತ ನಿಲ್ಲಬೇಡಿ. ಹೊರಗೆ ಬಂದು ಶಿಕ್ಷಕರಿಗೆ ತಿಳಿಸಿ. 2022ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಕುಸಿಯಿತು. ಅಪಾಯದ ಸೂಚನೆ ಕಂಡು ವಿದ್ಯಾರ್ಥಿನಿಯರನ್ನು ಮೊದಲೇ ಹೊರಗೆ ಕಳುಹಿಸಿದ್ದರಿಂದ ಯಾರ ಜೀವಕ್ಕೂ ಹಾನಿಯಾಗಲಿಲ್ಲ. ಅಲ್ಲಿ ಜೀವ ಉಳಿಸಿದ್ದು ಗಮನವಿಟ್ಟು ನೋಡಿದ ಕಣ್ಣು. ಆ ಕಣ್ಣು ನಿಮಗೂ ಇದೆ. ನಾಳೆ ಶಾಲೆಗೆ ಹೋದಾಗ ನಿಮ್ಮ ತರಗತಿಯ ಗೋಡೆಯನ್ನು ಒಮ್ಮೆ ಚೆನ್ನಾಗಿ ನೋಡಿ, ಕಂಡದ್ದನ್ನು ದಿನಾಂಕದೊಡನೆ ಬರೆದಿಡಿ.